ಒಪ್ಪದ ತಮ್ಮನನ್ನು ತಪಾಸಣೆಗೆ ಒಯ್ದ ಮೂರು ದಿನ: ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ನಮಗೆ ಸಿಕ್ಕ ಸೇವೆಯ ವಿಮರ್ಶೆ

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನನ್ನು ಅವನ ಒಪ್ಪಿಗೆಯಿಲ್ಲದೆ ಮನೋವೈದ್ಯರ ತಪಾಸಣೆಗೆ ಕರೆದೊಯ್ಯಬೇಕಾಗಿ ಬಂತು. ಆ ಮೂರು ದಿನಗಳಲ್ಲಿ ಒಂದು ಸಹಾಯವಾಣಿ, ಒಂದು ಖಾಸಗಿ ಕೇಂದ್ರ, ಒಂದು ಪೊಲೀಸ್ ಠಾಣೆ ಮತ್ತು ಒಂದು ಆಸ್ಪತ್ರೆಯ ಬಾಗಿಲು ತಟ್ಟಿದೆವು. ಹೋಟೆಲಿನ ದೋಸೆಯ ಬಗ್ಗೆ, ಬಟ್ಟೆ ಅಂಗಡಿಯ ಬಗ್ಗೆ ನಮ್ಮೂರಿನವರು ಬರೆದ ವಿಮರ್ಶೆ ಬೇಕಾದಷ್ಟು ಸಿಗುತ್ತದೆ. ಆದರೆ ಆ ರಾತ್ರಿ ನಾನು ಹುಡುಕಿದಾಗ ಇಂಥ ಸೇವೆಯ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ತಮ್ಮನಿಗೆ ಓದಿ ಹೇಳಿ, ಅವನು ಒಪ್ಪಿದ್ದನ್ನು ಮಾತ್ರ ಇಟ್ಟಿದ್ದೇನೆ. ರೋಗದ ಹೆಸರನ್ನು ಬರೆಯಬೇಡ ಎಂದ, ಬರೆಯುವುದಿಲ್ಲ. ಠಾಣೆ, ಕೇಂದ್ರ, ಆಸ್ಪತ್ರೆಗಳ ಹೆಸರನ್ನೂ ಅದೇ ಕಾರಣಕ್ಕೆ ಬಿಟ್ಟಿದ್ದೇನೆ.

ನಾನು ಗದಗಿನಲ್ಲಿ ಶಾಲಾ ಶಿಕ್ಷಕಿ. ತಮ್ಮ ಹುಬ್ಬಳ್ಳಿಯ ಉಣಕಲ್ ಭಾಗದಲ್ಲಿ ಅವ್ವನ ಜೊತೆ ಇರುತ್ತಾನೆ. ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಅವನ ಹೆಂಡತಿ ಆಗ ಬಾಣಂತನಕ್ಕೆಂದು ರಾಣೆಬೆನ್ನೂರಿನ ತವರಿನಲ್ಲಿದ್ದಳು. ಅವ್ವ ಫೋನು ಮಾಡುವ ಹೊತ್ತಿಗೆ ಅವನು ನಿದ್ದೆಗೆಟ್ಟು ಐದು ರಾತ್ರಿಗಳಾಗಿದ್ದವು. ಮನೆಯ ಊಟದಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿ ಕೂತಿತ್ತು; ಅವ್ವ ಬಡಿದ ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ, ತಾನೇ ತಂದ ಬಾಳೆಹಣ್ಣನ್ನು ತಾನೇ ಸುಲಿದು ತಿನ್ನುತ್ತಿದ್ದ, ನೀರನ್ನೂ ತಾನೇ ಅಂಗಡಿಯಿಂದ ಸೀಲು ಒಡೆಯದ ಬಾಟಲಿಯಲ್ಲಿ ತರುತ್ತಿದ್ದ. ಐದನೆಯ ರಾತ್ರಿ ಅಡುಗೆಮನೆಯ ಈಳಿಗೆ ಅವನ ತಲೆದಿಂಬಿನ ಕೆಳಗೆ ಸಿಕ್ಕಿತು. ಆ ರಾತ್ರಿಯೇ ಅವನು ಅವ್ವನಿಗೆ, "ನಿನ್ನ ಯಾರು ಕಳಿಸ್ಯಾರ ಹೇಳು" ಎಂದು ಕೇಳಿದನಂತೆ. ಬೆಳಗಿನ ಮೊದಲ ಬಸ್ಸಿಗೆ ನಾನು ಹುಬ್ಬಳ್ಳಿಗೆ ಬಂದೆ.

ನಮ್ಮ ಕಡೆ ಇಂಥ ಸಂಕಟಕ್ಕೆ ಹಿಂದಿನಿಂದಲೂ ಒಂದೇ ಮಾತು: "ಧಾರವಾಡಕ್ಕ ಒಯ್ಯಬೇಕು." 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆ ಅಲ್ಲಿರುವುದರಿಂದ ಊರಿನ ಹೆಸರೇ ಆ ಅರ್ಥಕ್ಕೆ ಬಂದುಬಿಟ್ಟಿದೆ. ಅದೇ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಗಿದೆ. ಆದರೂ ಚಿಕ್ಕಂದಿನಿಂದ ಬೈಗುಳವಾಗಿ ಕೇಳಿದ ಆ ಮಾತಿನ ಭಾರ ಎಷ್ಟಿತ್ತೆಂದರೆ, ಅವ್ವ ಎರಡು ದಿನ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಸಿದ್ಧಾರೂಢ ಮಠದಿಂದ ವಿಭೂತಿ ತಂದು ಅವನ ಕೋಣೆಯ ಹೊಸ್ತಿಲಿಗೆ ಹಚ್ಚಿ ಕೂತಿದ್ದಳು. ಅವಳನ್ನು ನಾನು ತಪ್ಪೆನ್ನುವುದಿಲ್ಲ. ಯಾರನ್ನು ಕೇಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲ ದಿನ ನಾನು ಸಂಪರ್ಕಿಸಿದ್ದು ಪರಿಚಯದವರೊಬ್ಬರು ಸೂಚಿಸಿದ ಖಾಸಗಿ ಕೇಂದ್ರವನ್ನು. ರೋಗಿಯ ವಯಸ್ಸು, ತೊಂದರೆ, ಹಿಂದಿನ ಕಾಯಿಲೆ ಯಾವುದನ್ನೂ ವಿಚಾರಿಸದೆ, ಮನೆಯ ವಿಳಾಸ ಮತ್ತು ಅವನ ಮೈಕಟ್ಟನ್ನು ಮಾತ್ರ ಕೇಳಿದರು. ನಾಲ್ಕು ಹುಡುಗರನ್ನು ಗಾಡಿಯೊಂದಿಗೆ ಕಳಿಸುತ್ತೇವೆ, ಇಂಜೆಕ್ಷನ್ ಕೊಟ್ಟು ಎತ್ತಿಕೊಂಡು ಬರುತ್ತೇವೆ, ಕನಿಷ್ಠ ಮೂರು ತಿಂಗಳು ಇಡಬೇಕು, ಮೊದಲ ತಿಂಗಳು ಭೇಟಿ ಇಲ್ಲ ಎಂದರು. ಯಾವ ವೈದ್ಯರು ಬಂದು ನೋಡುತ್ತಾರೆ ಎಂಬ ಪ್ರಶ್ನೆಗೂ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನಿಮ್ಮ ನೋಂದಣಿ ಸಂಖ್ಯೆ ಎಷ್ಟು ಎಂಬ ಪ್ರಶ್ನೆಗೂ ಉತ್ತರ ಬರಲಿಲ್ಲ. ಎರಡನೆಯ ಪ್ರಶ್ನೆಯನ್ನು ಯಾರೇ ಆಗಲಿ ಕೇಳಲೇಬೇಕು. ನೋಂದಣಿ ಇಲ್ಲದೆ ಇಂಥ ಕೇಂದ್ರವನ್ನು ನಡೆಸುವಂತಿಲ್ಲ. ವೈದ್ಯರು ಪರೀಕ್ಷಿಸುವ ಮೊದಲೇ ತಿಂಗಳುಗಳ ಲೆಕ್ಕ ಹೇಳುವವರಿಗೆ ಮನುಷ್ಯನನ್ನು ಒಪ್ಪಿಸುವಂತಿಲ್ಲ. ಆ ಫೋನನ್ನು ಕೆಳಗಿಟ್ಟ ಮೇಲೆ ನನ್ನ ಕೈ ಬಹಳ ಹೊತ್ತು ನಡುಗುತ್ತಿತ್ತು, ಏಕೆಂದರೆ ಅವರ ಮಾತಿಗೆ ಹೂಂ ಎನ್ನುವ ಅಂಚಿನಲ್ಲಿ ನಾನಿದ್ದೆ.

ಅಂದು ಸಂಜೆ ನೆರೆಯವರೊಬ್ಬರು ಇನ್ನೊಂದು ದಾರಿ ತೋರಿಸಿದರು. ಔಷಧ ಅಂಗಡಿಯಲ್ಲಿ ನಿದ್ದೆ ಗುಳಿಗೆ ತಂದು ಅರೆದು ಹಾಲಿನಲ್ಲಿ ಬೆರೆಸಿಬಿಡಿ, ಮಲಗಿದ ಮೇಲೆ ಗಾಡಿಗೆ ಹಾಕಿಕೊಂಡು ಹೋಗಿ ಎಂದರು. ನಮಗೂ ಅದು ಸುಲಭವೆಂದೇ ಕಂಡಿತು. ಅವ್ವ ಹಾಲು ಕಾಯಿಸಲು ಇಟ್ಟೂ ಆಗಿತ್ತು. ಅಷ್ಟರಲ್ಲಿ ನಾನು 14416ಕ್ಕೆ ಕರೆ ಮಾಡಿದೆ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ ಉಚಿತ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ಕನ್ನಡವನ್ನು ಆಯ್ದುಕೊಳ್ಳಬಹುದು. ಫೋನೆತ್ತಿದ ಹೆಣ್ಣುಮಗಳು ನಮ್ಮ ಕಡೆಯ ಮಾತನ್ನೇ ಆಡುವವಳಾಗಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, ಹಾಲಿನ ವಿಷಯಕ್ಕೆ ಬಂದಾಗ ಹೀಗೆಂದಳು: "ಅಕ್ಕಾರ, ಊಟದಾಗ ಏನೋ ಹಾಕ್ತಾರಂತ ಅವರು ಹೆದರ್ಯಾರ ಅಂದ್ರಿ. ಈಗ ನೀವ ಹಾಕಿದ್ರ, ಅವರು ಹೆದರಿದ್ದು ಖರೇನ ಆಗತೈತಲ್ರೀ."

ಇಡೀ ಸೇವೆಯಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಇದು. ಅವನ ನಂಬಿಕೆ ಸುಳ್ಳೆಂದು ಐದು ದಿನ ಅವನೊಂದಿಗೆ ವಾದಿಸಿದ ನಾವೇ ಅದನ್ನು ನಿಜ ಮಾಡಲು ಹೊರಟಿದ್ದೆವು. ಎಚ್ಚರಾದ ಮೇಲೆ ಅವನು ಜೀವಮಾನವಿಡೀ ಯಾರ ಕೈಯಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದ? ಹಾಲನ್ನು ನಾನೇ ಕುಡಿದೆ. ಆ ಕರೆ ನಲವತ್ತು ನಿಮಿಷ ನಡೆಯಿತು. ಮನೆಯಲ್ಲಿನ ಈಳಿಗೆ, ಕುಡಗೋಲು, ಹಗ್ಗ, ಕೀಟನಾಶಕಗಳನ್ನು ಸದ್ದಿಲ್ಲದೆ ತೆಗೆದಿಡಲು ಹೇಳಿದರು. ಅವನಿಗೂ ಬಾಗಿಲಿಗೂ ನಡುವೆ ನಿಲ್ಲಬೇಡಿ, ನಾಲ್ಕು ಜನ ಒಟ್ಟಿಗೆ ಮಾತಾಡಬೇಡಿ, ಅವನ ಮಾತನ್ನು ಹೌದೆನ್ನಲೂ ಬೇಡಿ ಸುಳ್ಳೆನ್ನಲೂ ಬೇಡಿ, "ನಿನಗೆ ಹೆದರಿಕೆಯಾಗಿದೆ, ನಿದ್ದೆಯಿಲ್ಲ" ಎಂಬಷ್ಟನ್ನೇ ಹಿಡಿದು ಮಾತಾಡಿ ಎಂದರು. ಸಾಯುವ ಮಾತು ಆಡಿದ್ದಾನೆಯೇ ಎಂದು ನೇರವಾಗಿ ಕೇಳಿದರು; ಹಾಗೆ ಅವನನ್ನೇ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದು ಹೇಳಿ ನನ್ನಿಂದ ಕೇಳಿಸಿದರು. ಅಪಾಯ ಕೈಮೀರಿದರೆ ಕಾಯದೆ 112ಕ್ಕೆ ಕರೆ ಮಾಡಿ ಎಂದೂ, ಕಂಡದ್ದನ್ನೆಲ್ಲ ದಿನಾಂಕದೊಂದಿಗೆ ಒಂದು ಹಾಳೆಯಲ್ಲಿ ಬರೆದಿಡಿ ಎಂದೂ ಹೇಳಿದರು. ಸಹಾಯವಾಣಿ ಮಾಡಲಾರದ್ದು ಒಂದೇ: ಅವರು ಮನೆಗೆ ಬರಲಾರರು. ಅದನ್ನು ಅವರು ಮೊದಲೇ ಹೇಳಿದರು.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ಗೊತ್ತಿಲ್ಲದ್ದರಿಂದಲೇ ನಮ್ಮ ಒಂದು ದಿನ ಹಾಳಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 89ನೆಯ ಕಲಮಿನಡಿ, ರೋಗಿಯು ತಾನಾಗಿ ಒಪ್ಪುವ ಸ್ಥಿತಿಯಲ್ಲಿ ಇಲ್ಲದಾಗ ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬಹುದು. ಅವನು ಮೊದಲೇ ಯಾರನ್ನೂ ಹೆಸರಿಸಿಲ್ಲದಿದ್ದರೆ ಸಂಬಂಧಿಕರು, ಸಂಬಂಧಿಕರಿಲ್ಲದಿದ್ದರೆ ಆರೈಕೆ ಮಾಡುವವರು ಆ ಸ್ಥಾನಕ್ಕೆ ಬರುತ್ತಾರೆ. ಅರ್ಜಿ ಕೊಟ್ಟ ಮಾತ್ರಕ್ಕೆ ದಾಖಲು ಮಾಡಿಕೊಳ್ಳುವಂತಿಲ್ಲ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರು, ಅಂದೇ ಅಥವಾ ಹಿಂದಿನ ಏಳು ದಿನಗಳೊಳಗೆ, ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರು ಕಟ್ಟುಬೀಳದೆ ಬೇರೆಬೇರೆಯಾಗಿ ಪರೀಕ್ಷಿಸಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆ ಅಥವಾ ಯತ್ನ, ಇತರರ ಮೇಲೆ ಹಿಂಸೆ ಅಥವಾ ಅವರಲ್ಲಿ ಅಂಥ ಭಯ, ಇಲ್ಲವೆ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೀಡಾಗುವ ಸ್ಥಿತಿ, ಇವುಗಳಲ್ಲಿ ಒಂದಾದರೂ ಆ ಮಟ್ಟಕ್ಕೆ ಮುಟ್ಟಿದೆಯೆಂದು ಇಬ್ಬರಿಗೂ ಅನ್ನಿಸಬೇಕು. ಇದಕ್ಕಿಂತ ಕಡಿಮೆ ಕಟ್ಟುಪಾಡಿನ ದಾರಿ ಬೇರೆ ಇಲ್ಲವೆಂದೂ ಕಾಣಬೇಕು. ಅವಧಿ ಹೆಚ್ಚೆಂದರೆ 30 ದಿನ. ದಾಖಲು ಮಾಡಿಕೊಂಡ ಸುದ್ದಿಯನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಏಳು ದಿನಗಳೊಳಗೆ, ಹೆಣ್ಣುಮಕ್ಕಳು ಮತ್ತು ಅಪ್ರಾಪ್ತರ ವಿಷಯದಲ್ಲಿ ಮೂರು ದಿನಗಳೊಳಗೆ ತಿಳಿಸಬೇಕು, ಮತ್ತು ರೋಗಿಯು ಆ ಮಂಡಳಿಗೆ ತಾನೇ ದೂರು ಕೊಡಬಹುದು. ಓದುವಾಗ ಇದು ಬಹಳ ಕಟ್ಟಳೆಯೆನಿಸುತ್ತದೆ. ಆ ಖಾಸಗಿ ಕೇಂದ್ರದ ಫೋನು ಕರೆಯ ನಂತರ ಓದಿದ ನನಗೆ ಪ್ರತಿಯೊಂದು ಕಟ್ಟಳೆಯೂ ತಮ್ಮನ ಸುತ್ತ ಕಟ್ಟಿದ ಗೋಡೆಯಂತೆ ಕಂಡಿತು.

ಎರಡನೆಯ ದಿನ ಠಾಣೆಗೆ ಹೋದೆ. ಮೊದಲು ಸಿಕ್ಕ ಅಧಿಕಾರಿ, ಕೋರ್ಟಿನ ಆದೇಶ ತನ್ನಿ, ಇಲ್ಲವೆ ಅವನ ಮೇಲೆ ದೂರು ಬರೆದುಕೊಡಿ, ಒಂದು ರಾತ್ರಿ ಒಳಗೆ ಕೂರಿಸಿದರೆ ತಣ್ಣಗಾಗುತ್ತಾನೆ ಎಂದರು. ಆ ಕೊನೆಯ ಮಾತು ನನ್ನನ್ನು ಬಹಳ ನೋಯಿಸಿತು. ಇದೇ ಕಾಯ್ದೆಯ 100ನೆಯ ಕಲಮು ಹೇಳುವುದು ನೇರ ವಿರುದ್ಧವಾದದ್ದನ್ನು: ಮಾನಸಿಕ ಕಾಯಿಲೆಯಿಂದಾಗಿ ತನಗೋ ಇತರರಿಗೋ ಅಪಾಯ ತರಬಹುದೆಂದು ನಂಬಲು ಕಾರಣವಿರುವ ವ್ಯಕ್ತಿಯನ್ನು ಠಾಣಾಧಿಕಾರಿ ತನ್ನ ರಕ್ಷಣೆಗೆ ತೆಗೆದುಕೊಳ್ಳಬೇಕು, ಕಾರಣವನ್ನು ಅವನಿಗೆ ತಿಳಿಸಬೇಕು, 24 ಗಂಟೆಗಳೊಳಗೆ ಹತ್ತಿರದ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ತಪಾಸಣೆಗೆ ಒಯ್ಯಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಆ ಪುಟವನ್ನು ಮೊಬೈಲಿನಲ್ಲಿ ತೆರೆದು ಅವರ ಮುಂದೆ ಹಿಡಿದೆ. ಮ್ಯಾಜಿಸ್ಟ್ರೇಟರ ದಾರಿಯೂ ಕಾಯ್ದೆಯಲ್ಲಿ ಇದೆ, ಅವರು ತಪಾಸಣೆಗಾಗಿ 10 ದಿನಗಳವರೆಗೆ ಆಸ್ಪತ್ರೆಯಲ್ಲಿ ಇಡಲು ಆದೇಶಿಸಬಹುದು. ಆದರೆ ನಮ್ಮಂಥ ಸ್ಥಿತಿಯಲ್ಲಿ ಅದೊಂದೇ ದಾರಿ ಎಂಬುದು ಹಳೆಯ ರೂಢಿಯ ಮಾತು. ಮಧ್ಯಾಹ್ನದ ಪಾಳಿಗೆ ಬಂದ ಇನ್ನೊಬ್ಬ ಅಧಿಕಾರಿ ಎಲ್ಲವನ್ನೂ ಓದಿ, ಸಮವಸ್ತ್ರವಿಲ್ಲದ ಒಬ್ಬ ಹಿರಿಯ ಪೇದೆಯನ್ನು ಮರುದಿನ ಬೆಳಿಗ್ಗೆ ಕಳಿಸುವುದಾಗಿ ಒಪ್ಪಿದರು. ಒಂದೇ ಠಾಣೆಯಲ್ಲಿ ಪಾಳಿ ಬದಲಾದರೆ ಕಾನೂನೇ ಬದಲಾಗುವಂತಿದ್ದರೆ ಆ ಸೇವೆಗೆ ನಾನು ಹೆಚ್ಚು ಅಂಕ ಕೊಡಲಾರೆ. ಬಂದ ಪೇದೆಗೆ ಮಾತ್ರ ಹತ್ತಕ್ಕೆ ಹತ್ತು.

ಗಾಡಿಯ ಮಾತು ಚಿಕ್ಕದು. ಬಾಡಿಗೆ ಆಂಬ್ಯುಲೆನ್ಸಿನವರೊಬ್ಬರು "ಕಟ್ಟಿ ಹಾಕೀರೇನ್ರಿ?" ಎಂದು ಕೇಳಿ, ಇಲ್ಲವೆಂದಾಗ ಬರುವುದಿಲ್ಲ ಎಂದರು. ಮೈಯ ಕಾಯಿಲೆಯವರಿಗೆ ಸಿಗುವಂಥದ್ದೇ ಆಂಬ್ಯುಲೆನ್ಸ್ ಸೇವೆ ಮನಸ್ಸಿನ ಕಾಯಿಲೆಯವರಿಗೂ ಸಿಗಬೇಕೆಂದು ಕಾಯ್ದೆಯ 21ನೆಯ ಕಲಮಿನಲ್ಲಿದೆ. ನಾವು ತಮ್ಮನ ಗೆಳೆಯನ ಕಾರಿನಲ್ಲಿ ಹೋದೆವು.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ನಾನು ಅವನ ಕೋಣೆಯ ಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತು, ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು ಹೇಳಿದೆ: "ತಮ್ಮಾ, ನಿನ್ನ ದವಾಖಾನಿಗೆ ಕರಕೊಂಡು ಹೊಂಟೇವಿ. ಗುಡಿಗಲ್ಲ, ಊರಿಗಲ್ಲ, ದವಾಖಾನಿಗೆ. ನೀ ಮಲಗಿ ಏಳು ದಿನ ಆತು." ಅವನು ನನ್ನನ್ನು ನೋಡಿ, "ಅಕ್ಕಾ, ನೀನೂ ಅವರ ಕೂಡ ಸೇರಿದಿ ಏನ?" ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪೇದೆ ಜಗಲಿಯ ಮೇಲೆ ಕುಳಿತಲ್ಲಿಂದಲೇ, "ತಮ್ಮಾರ, ನಾ ಪೊಲೀಸ ಅದೀನಿ. ನಿಮ್ಮ ಮ್ಯಾಲ ಕೇಸ ಏನೂ ಇಲ್ಲ. ಡಾಕ್ಟರ ನೋಡಿ ಏನಂತಾರ ಕೇಳೋಣು, ನಾನೂ ಸಂಗಾಟ ಬರ್ತೀನಿ" ಎಂದರು. ಮುಕ್ಕಾಲು ಗಂಟೆ ಯಾರೂ ಅವನ ಮೈ ಮುಟ್ಟಲಿಲ್ಲ. ಕೊನೆಗೆ ಅವನು ಎರಡು ಷರತ್ತು ಹಾಕಿದ: ಕಿಟಕಿಯ ಪಕ್ಕ ಕೂರುತ್ತೇನೆ, ನನ್ನ ನೀರಿನ ಬಾಟಲಿಯನ್ನು ಯಾರೂ ಮುಟ್ಟಬಾರದು. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳು ಓಡುವ ಆ ರಸ್ತೆಯಲ್ಲಿ ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಕೂತಿದ್ದ. ಅವನು ಬಂದದ್ದು ಒಪ್ಪಿ ಅಲ್ಲ. ಪೊಲೀಸರಿದ್ದಾರೆ, ಬೇರೆ ದಾರಿಯಿಲ್ಲ ಎಂದು ಬಂದ. ಅದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಆಸ್ಪತ್ರೆಯ ಹೊರಗಿನ ವ್ಯವಸ್ಥೆಗೆ ನನ್ನ ದೂರುಗಳಿವೆ. ಚೀಟಿ ಮಾಡಿಸಿದ ಮೇಲೆ ಎರಡೂವರೆ ಗಂಟೆ ತುಂಬಿದ ಪಡಸಾಲೆಯ ಬೆಂಚಿನ ಮೇಲೆ ಕಾದೆವು. ಏಳು ದಿನ ನಿದ್ದೆಯಿಲ್ಲದೆ ಎಲ್ಲರನ್ನೂ ಶಂಕಿಸುತ್ತಿರುವವನಿಗೆ ಅದಕ್ಕಿಂತ ಕಷ್ಟದ ಜಾಗವಿಲ್ಲ. ಕಾವಲುಗಾರನೊಬ್ಬ ಎಲ್ಲರಿಗೂ ಕೇಳುವಂತೆ "ಮೆಂಟಲ್ ಕೇಸ್" ಎಂದು ಕೂಗಿದ. ಅರ್ಜಿ ನಮೂನೆ ಇಂಗ್ಲಿಷಿನಲ್ಲಿತ್ತು. ಗುಮಾಸ್ತರು ತಾವೇ ತುಂಬಿ, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ನಾನು ಓದಿಯೇ ಹಾಕುತ್ತೇನೆ ಎಂದು ಪಟ್ಟುಹಿಡಿದೆ, ಮತ್ತು ಅದರ ಪ್ರತಿ ಸಿಗುವುದಕ್ಕೆ ಮೂರು ಸಲ ಕೇಳಬೇಕಾಯಿತು. ಓದುಬರಹ ಬಾರದ ನನ್ನ ಅವ್ವ ಆ ಜಾಗದಲ್ಲಿ ನಿಂತಿದ್ದರೆ ಏನಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಳೋ! ಗಂಡಸರ ವಾರ್ಡಿನಲ್ಲಿ ಗಂಡಸರೇ ಜೊತೆಗಿರಬೇಕೆಂಬುದನ್ನೂ ಮೊದಲು ಹೇಳಲಿಲ್ಲ. ಸೋದರಮಾವನ ಮಗನನ್ನು ಅಣ್ಣಿಗೇರಿಯಿಂದ ರಾತ್ರೋರಾತ್ರಿ ಕರೆಸಿದೆವು.

ಒಳಗೆ ನಡೆದ ತಪಾಸಣೆ ಬೇರೆಯೇ ದರ್ಜೆಯದು. ಮೊದಲು ನೋಡಿದ ವೈದ್ಯಾಧಿಕಾರಿ ರಕ್ತದೊತ್ತಡ, ಜ್ವರ, ಸಕ್ಕರೆ ನೋಡಿ, ಥೈರಾಯ್ಡ್ ಮತ್ತು ಸೋಡಿಯಂಗೆ ರಕ್ತ ತೆಗೆಸಿ, ತಲೆಗೆ ಪೆಟ್ಟು ಬಿದ್ದಿತ್ತೇ, ಕುಡಿಯುತ್ತಿದ್ದು ಈಚೆಗೆ ಒಮ್ಮೆಲೇ ಬಿಟ್ಟನೇ ಎಂದು ವಿಚಾರಿಸಿದರು. ಸೋಂಕು, ಸಕ್ಕರೆಯ ಏರುಪೇರು, ಕುಡಿತ ಬಿಟ್ಟ ಮೊದಲ ದಿನಗಳ ತೊಂದರೆ ಇವೆಲ್ಲ ಹೊರಗಿನಿಂದ ಇಂಥದ್ದೇ ಆಗಿ ಕಾಣಬಹುದಂತೆ; ಮಠಕ್ಕೋ ಖಾಸಗಿ ಕೇಂದ್ರಕ್ಕೋ ನೇರ ಒಯ್ದಿದ್ದರೆ ಇದನ್ನು ಯಾರು ನೋಡುತ್ತಿದ್ದರು? ಆಮೇಲೆ ಮನೋವೈದ್ಯೆ ನಮ್ಮನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಅರ್ಧ ಗಂಟೆಗೂ ಹೆಚ್ಚು ಮಾತಾಡಿದರು, ಬಳಿಕ ನಮ್ಮೊಂದಿಗೆ ಬೇರೆಯಾಗಿ. ನಾನು ಬರೆದ ಹಾಳೆ ಇಲ್ಲಿ ಬಹಳ ಉಪಯೋಗಕ್ಕೆ ಬಂತು. "ಹುಚ್ಚುಚ್ಚಾಗಿ ಆಡುತ್ತಾನೆ" ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಬುಧವಾರದಿಂದ ಮನೆಯ ಊಟ ಮುಟ್ಟಿಲ್ಲ, ಶನಿವಾರ ರಾತ್ರಿ ಈಳಿಗೆ ದಿಂಬಿನ ಕೆಳಗಿತ್ತು" ಎಂಬುದರಿಂದ ತಿಳಿಯುತ್ತದೆ. ವಿಭೂತಿಯ ವಿಷಯ ಹೇಳಲು ಅವ್ವ ಹೆದರಿದ್ದಳು. ಆ ವೈದ್ಯೆ ಅದನ್ನೂ ಕೇಳಿಸಿಕೊಂಡು, "ಹಚ್ಚರಿ ಅವ್ವಾರ, ಗುಳಿಗೀನೂ ಕೊಡೂಣು" ಎಂದರು.

ಇಬ್ಬರೂ ವೈದ್ಯರ ಅಭಿಪ್ರಾಯ ಒಂದೇ ಆಯಿತು. ದಾಖಲಾತಿಯ ವಿಷಯವನ್ನು ಅವನಿಗೆ ಮುಖತಃ ಹೇಳಿದರು: ಎಷ್ಟು ದಿನ, ಯಾಕೆ, ಬೇಡವೆನಿಸಿದರೆ ಯಾರಿಗೆ ಬರೆಯಬಹುದು. ಅವನು ಎದ್ದು ಹೋಗಲು ನೋಡಿದ, ಕೂಗಾಡಿದ. ಇಂಜೆಕ್ಷನ್ ಕೊಡಬೇಕಾಯಿತು. ಕಟ್ಟಲಿಲ್ಲ. ಯಾವ ಔಷಧ, ಅದರಿಂದ ಏನಾಗುತ್ತದೆ ಎಂದು ಅವನಿಗೆ ಹೇಳಿಯೇ ಕೊಟ್ಟರೆಂದು ಜೊತೆಗಿದ್ದ ಪೇದೆ ಆಮೇಲೆ ನನಗೆ ತಿಳಿಸಿದರು. ಬಾಗಿಲ ಹೊರಗೆ ನಿಂತ ನನಗೆ ಕೇಳಿಸಿದ್ದು ಅವನು "ಅಕ್ಕಾ" ಎಂದು ಕರೆದದ್ದು ಮಾತ್ರ. ಕರೆದಾಗ ನಾನು ಒಳಗೆ ಹೋಗಲಿಲ್ಲ, ಹೋಗಬಹುದೇ ಎಂದೂ ಕೇಳಲಿಲ್ಲ. ಕೇಳಬೇಕಿತ್ತು.

ವಾರ್ಡಿನ ಶೌಚಾಲಯಕ್ಕೆ ಚಿಲಕವೂ ಇರಲಿಲ್ಲ, ದೀಪವೂ ಇರಲಿಲ್ಲ. ದೀಪ ದಾಖಲಾದ ಮೂರನೆಯ ದಿನ ಬಂತು. ಚಿಲಕವಿಲ್ಲದ್ದು ರೋಗಿಗಳ ಸುರಕ್ಷತೆಗೆಂದು ಹೇಳಿದರು, ಅದನ್ನು ಒಪ್ಪುತ್ತೇನೆ, ಆದರೆ ಒಂದು ಪರದೆಯನ್ನಾದರೂ ಕಟ್ಟಬಹುದಿತ್ತು. ಇದೇ ವಾರ್ಡಿನ ರಾತ್ರಿ ಪಾಳಿಯ ದಾದಿಯೊಬ್ಬರು ಮಾಡಿದ್ದನ್ನು ಮಾತ್ರ ನಾನು ಮರೆಯಲಾರೆ. ಎಲ್ಲರಿಗೂ ಗುಳಿಗೆಗಳನ್ನು ಬಟ್ಟಲಲ್ಲಿ ಹಾಕಿ ಕೊಡುವ ಪದ್ಧತಿ ಅಲ್ಲಿದ್ದರೂ, ತಮ್ಮನ ಹಾಸಿಗೆಯ ಬಳಿ ಬಂದಾಗ ಅವರು ಗುಳಿಗೆಯ ಒಡೆಯದ ಪಟ್ಟಿಯನ್ನೇ ತಂದು, ಹೆಸರನ್ನು ಅವನಿಂದ ಓದಿಸಿ, ಅವನ ಎದುರಿಗೇ ಪಟ್ಟಿ ಒಡೆದು ಗುಳಿಗೆಯನ್ನು ಅವನ ಅಂಗೈಗೆ ಹಾಕುತ್ತಿದ್ದರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾಲ್ಕನೆಯ ದಿನ ಅವನು ಆಸ್ಪತ್ರೆಯ ಅನ್ನ ಸಾರು ಉಂಡ. ಆರನೆಯ ದಿನ ಅವ್ವನ ರೊಟ್ಟಿ ಕೇಳಿದ.

ಒಪ್ಪಿಗೆ ಕೊಡುವ ಸಾಮರ್ಥ್ಯ ಮರಳಿದೆಯೇ ಎಂದು ಏಳು ದಿನಕ್ಕೊಮ್ಮೆ ನೋಡಬೇಕೆಂಬ ನಿಯಮವಿದೆ, ಅದನ್ನು ಪಾಲಿಸಿದರು. ಎಂಟನೆಯ ದಿನ ಅವನು ತಾನಾಗಿ ಉಳಿಯುತ್ತೇನೆಂದು ಒಪ್ಪಿದ್ದರಿಂದ ನನ್ನ ಸಹಿಯ ಕಾಗದ ಹಿಂದೆ ಸರಿದು, ಅವನ ಸಹಿಯ ಸ್ವತಂತ್ರ ದಾಖಲಾತಿ ಅದರ ಜಾಗಕ್ಕೆ ಬಂತು. ಆ ಸಹಿಯನ್ನು ಅವನು ನಿಧಾನವಾಗಿ, ಪೂರ್ತಿ ಹೆಸರು ಬರೆದು ಹಾಕಿದ. ಹದಿನೇಳನೆಯ ದಿನ ಮನೆಗೆ ಬಂದ. ಬಿಡುಗಡೆಯ ಚೀಟಿಯಲ್ಲಿ ಗುಳಿಗೆಗಳ ಹೊತ್ತು, ಮತ್ತೆ ಬರುತ್ತಿದೆಯೆಂದು ಸೂಚಿಸುವ ಮೊದಲ ಗುರುತುಗಳು, ಮುಂದಿನ ಭೇಟಿಯ ದಿನಾಂಕ ಎಲ್ಲವೂ ಕನ್ನಡದಲ್ಲಿದ್ದವು. ರಾಣೆಬೆನ್ನೂರಿಗೆ ಹೋದಾಗ ಭೇಟಿ ತಪ್ಪಬಾರದೆಂದು, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯದ ಬಗ್ಗೆಯೂ ಹೇಳಿ ಕಳಿಸಿದರು.

ಎರಡು ತಿಂಗಳ ನಂತರ, ಹೆಂಡತಿ ಕೂಸಿನೊಂದಿಗೆ ಮರಳಿದ ಮೇಲೆ, ಒಂದು ಭಾನುವಾರ ಅವನು ನನ್ನನ್ನು ಕರೆಸಿ ಎರಡು ಬಿಳಿ ಹಾಳೆ ಕೇಳಿದ. ನಾಮನಿರ್ದೇಶಿತ ಪ್ರತಿನಿಧಿಯ ಹೆಸರನ್ನು ಸಾದಾ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಾಕು. ಅವನು ಹೆಂಡತಿಯ ಹೆಸರು ಬರೆದ, ನನ್ನದಲ್ಲ. ನನಗೆ ಸ್ವಲ್ಪ ನೋವಾಯಿತು, ಅದು ಅವನಿಗೂ ತಿಳಿಯಿತು. ಎರಡನೆಯ ಹಾಳೆ, ಇಂಥ ಸ್ಥಿತಿ ಮತ್ತೆ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಮೊದಲೇ ತಿಳಿಸಲು ಕಾಯ್ದೆ ಅವಕಾಶ ಕೊಟ್ಟಿರುವ ಮುಂಗಡ ನಿರ್ದೇಶನದ ಕರಡು. ಹಾಲಿನ ಸಂಗತಿಯನ್ನು ನಾನು ಅವನಿಗೆ ಅಷ್ಟರಲ್ಲಿ ಹೇಳಿಬಿಟ್ಟಿದ್ದೆ. ಅದರ ಮೊದಲ ಸಾಲು ಹೀಗಿದೆ: "ನನ್ನ ಊಟದಾಗ ಯಾರೂ ಗುಳಿಗಿ ಬೆರಸಬಾರದು, ನನಗ ಹೇಳಿ ಕೊಡಬೇಕು, ನಾ ಬೈದರೂ ಹೇಳಬೇಕು."